ಸೊನ್ನೆ, ಒಂದು, ಎರಡು, ಮೂರು

ಸಂಖದ ಪತಸಂಸ್ಥೆಯಲ್ಲಿ ಒಂಬತ್ತು ಕಂಪ್ಯೂಟರು.
ಒಂದೊಂದನ್ನೂ ಕೇಳಿಕೊಂಡು ಬಾ ಅಂದಿದ್ದರು ಸಾಂಗಲಿಯವರು:
ನೀನು ಯಾವ ಗುಂಪಿನದು?

ಟೇಬಲ್ಲಿಂದ ಟೇಬಲ್ಲಿಗೆ ಅಲೆಯಬೇಕಿಲ್ಲ ಇದಕ್ಕೆ.
ಹದಿನಾಲ್ಕು ಸಾಲು ಬರೆದರೆ ಸಾಕು,
ತಂತಿಯೊಳಗೆ ನುಸುಳಿ ಕೋಡೇ ಕೇಳಿ ಬರುತ್ತದೆ,
ನಾನು ಚಹಾ ಕುಡಿಯಬಹುದು.

ಉತ್ತರ ನಾಲ್ಕೇ ಬಗೆ.
ಸೊನ್ನೆ ಬಂದರೆ, ಗೊತ್ತಿಲ್ಲ.
ಒಂದು, ಎಲ್ಲಿಗೂ ಸೇರಿಲ್ಲ.
ಎರಡು, ನಾವು ನಾವೇ ಕೂಡಿಕೊಂಡ ವರ್ಕ್‌ಗ್ರೂಪು.
ಮೂರು, ದೊಡ್ಡವರ ಡೊಮೈನು; ಕೀಲಿ ಸಾಂಗಲಿಯಲ್ಲಿ.

ಜನಗಣತಿಯ ಮಾಸ್ತರ ನಮ್ಮ ಬಾಗಿಲಿಗೆ ಬಂದಾಗ
ಇಷ್ಟು ಸಲೀಸು ಪಟ್ಟಿ ಇರಲಿಲ್ಲ ಅವನ ಕೈಯಲ್ಲಿ.
ಅವ್ವ ಒಂದು ಭಾಷೆ ಹೇಳಿದಳು, ಅಪ್ಪ ಇನ್ನೊಂದು,
ಅವನು ಮೂರನೆಯದರಲ್ಲಿ ಬರೆದುಕೊಂಡು ನೀರು ಕೇಳಿದ.

ಬೇರೆ ಅಡ್ಡದಾರಿಯೂ ಇದೆ, ಒಂದೇ ಸಾಲಿನದು,
ನಂಬುವಂಥದ್ದಲ್ಲ.
ನಿನ್ನ ಡೊಮೈನು ಯಾವುದು ಅಂತ ಆ ದಾರಿಯಲ್ಲಿ ಕೇಳಿದರೆ
ಎಲ್ಲಿಗೂ ಸೇರದ ಯಂತ್ರ
ಇಲ್ಲ ಅನ್ನುವುದಿಲ್ಲ, ತಲೆ ತಗ್ಗಿಸುವುದಿಲ್ಲ,
ತನ್ನ ಹೆಸರನ್ನೇ ಊರ ಹೆಸರೆಂದು ಹೇಳಿಬಿಡುತ್ತದೆ.
ಇದು ತಿಳಿದ ರಾತ್ರಿ ಜತ್ತದ ಖೋಲಿಯಲ್ಲಿ
ಒಬ್ಬನೇ ನಗಲು ಹೋದೆ.
ನಗು ಪೂರ್ತಿ ಬರಲಿಲ್ಲ.

ಆರು ಯಂತ್ರ ಮೂರೆಂದವು.
ಒಂದರ ಕೇಬಲ್ಲು ಇಲಿ ಕಡಿದಿತ್ತು, ಅದು ಸೊನ್ನೆ ಕೂಡ ಹೇಳಲಿಲ್ಲ.
ಕೌಂಟರಿನದೂ ಅದರ ಪಕ್ಕದ್ದೂ ಎರಡು.
ಎರಡೆಂದರೆ ಹೆಸರು ಸಾಮಾನ್ಯವಾಗಿ ಡಬ್ಬಿಯೊಳಗೆ ಬಂದದ್ದೇ,
ಯಾರೂ ಮುಟ್ಟಿರುವುದಿಲ್ಲ.
ಇಲ್ಲಿ ಮುಟ್ಟಿದ್ದರು.
ಕೆ, ಎ, ಟಿ, ಟಿ, ಐ.

"ಕಟ್ಟಿ?" ಫೋನಿನಲ್ಲಿ ಜೋಗಳೇಕರ ಮೇಡಂ ನಕ್ಕರು,
"ಯಾರ ಸಂಗಡ ಮಾತು ಬಿಟ್ಟಿದ್ದೀರಿ?"
ಮರಾಠಿ ಹುಡುಗರು ಮುಖ ತಿರುಗಿಸಿ ಹೇಳುವ ಮಾತು ಅದು:
ಕಟ್ಟಿ, ಇನ್ನು ನಿನಗೂ ನನಗೂ ಇಲ್ಲ.
ಕನ್ನಡ ಶಾಲೆಯ ಅಂಗಳದಲ್ಲಿ ನಾನೂ ಅಂದಿದ್ದೇನೆ,
ಪೆನ್ಸಿಲ್ಲಿನ ತುಂಡಿಗಾಗಿ, ಒಬ್ಬ ನದಾಫರ ಹುಡುಗನಿಗೆ.

ಕ್ಯಾಶಿಯರ್ ಸುಗಲಾ ಬಿರಾಜದಾರ ಎಣಿಸುವುದು ನಿಲ್ಲಿಸಿದಳು.
"ಅಲ್ರೀ, ಕಟ್ಟಿ ಅಂದ್ರ ಕಟ್ಟಿ!
ಹೊರಗ ಬೇವಿನ ಗಿಡದ ಬುಡಕ ಐತಲ್ಲ, ಮಂದಿ ಕೂಡೂದು.
ಮೊದಲ ಮೂರ ಮಿಶನ್ ಬಂದಿದ್ವು.
ಒಂದರಾಗ ಬರದದ್ದು ಇನ್ನೊಂದರಾಗ ಕಾಣಬೇಕಂದ್ರ
ಮೂರಕ್ಕೂ ಕೂಡಿ ಒಂದ ಹೆಸರ ಕೊಡ್ರಿ ಅಂದ ಆ ಹುಡುಗ.
ಅಮೋಘಸಿದ್ಧ ಸರ್ ಕಿಡಕಿ ಹೊರಗ ನೋಡಿದ್ರು.
ಅಷ್ಟ."

ಹದಿನೈದು ಅಕ್ಷರ ಮೀರುವಂತಿಲ್ಲ ಆ ಹೆಸರು.
ಐದರಲ್ಲಿ ಮುಗಿಸಿದ್ದರು ಸರ್.
ಮೂರನೆಯ ಯಂತ್ರ, ಬಂಗಾರದ ಸಾಲದ ಟೇಬಲ್ಲಿನದು,
ಗುಜರಿಗೆ ಹೋಗಿ ನಾಲ್ಕು ವರ್ಷ.
ಅದರ ಪ್ರಿಂಟರು ಮಾತ್ರ ಪಟ್ಟಿಯಲ್ಲಿ ಇನ್ನೂ ಇದೆ,
ಬೂದುಬಣ್ಣದಲ್ಲಿ.

ಎರಡನ್ನು ಮೂರು ಮಾಡುವುದೇ ನನ್ನ ಕೆಲಸ.
ಹೊಸ ಹೆಸರು, ಸಾಂಗಲಿಯ ಪಾಸ್‌ವರ್ಡು,
ಮಲಗಿಸಿ ಎಬ್ಬಿಸಿದರೆ ಆಯಿತು.
"ಇವತ್ತಿಂದು ಕ್ಯಾಶ್ ಮುಗೀಲಿ ತಡೀರಿ," ಅಂದಳು ಸುಗಲಾ.
ತಡೆದೆ.

ಕೋಡಿನ ಕೊನೆಯ ಸಾಲು ಎಲ್ಲರೂ ಮರೆಯುವಂಥದ್ದು.
ಉತ್ತರ ಇಟ್ಟುಕೊಳ್ಳಲು ಪಡೆದ ಜಾಗವನ್ನು
ಓದಿಯಾದ ಮೇಲೆ ತಿರುಗಿ ಕೊಡಬೇಕು.
ಕೊಡದಿದ್ದರೆ ಆ ದಿನ ಏನೂ ಆಗುವುದಿಲ್ಲ.
ಬರಬರುತ್ತ ಯಂತ್ರಕ್ಕೆ ಉಸಿರು ಭಾರ.

ಹೊರಗೆ ಕಟ್ಟಿಯ ಮೇಲೆ ನಾಲ್ಕು ಮಂದಿ.
ಸಿಪಾಯಿ ಇಮಾಮಸಾಬ ತಂಬಾಕು ತಿಕ್ಕುತ್ತ
ನನ್ನ ಕಡೆ ನೋಡದೆಯೇ ಒಂದು ಮೊಳ ಸರಿದ.
ಕೂತೆ. ಕಲ್ಲು ಇನ್ನೂ ಬಿಸಿಯಿತ್ತು.
ಯಾವ ಊರು, ಯಾರ ಪೈಕಿ, ಯಾರೂ ಕೇಳಲಿಲ್ಲ,
ಉಮದಿ ಬಸ್ಸು ತಡ ಅಂತ ಮಾತ್ರ ಹೇಳಿದರು.
ಒಬ್ಬ ಮುದುಕಿ ಬುಟ್ಟಿ ಇಳಿಸಿ ನಿಂತಾಗ
ನಾನು ಎದ್ದೆ.

ಕಿಡಕಿಯೊಳಗಿಂದ ಸುಗಲಾಳ ದನಿ,
ನೋಟು ಎಣಿಸುತ್ತಿದ್ದಳು ಗಟ್ಟಿಯಾಗಿ,
ನೂರರವರೆಗೆ ಕನ್ನಡದಲ್ಲಿ,
ಆಮೇಲೆ ಮರಾಠಿಯಲ್ಲಿ.